ಹಾರೋರು ಇದ್ದಾರೆ, ಕಾಲೇಜಿನಲ್ಲಿ ಹಾರಿಸೋರು ಎಲ್ಲಿದ್ದಾರೆ?

2022ರ ಆಗಸ್ಟ್ 3ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ದೆಹಲಿಯ ತೇಜಸ್ವಿನ್ ಶಂಕರ್ 2.22 ಮೀಟರ್ ಹಾರಿ ಕಂಚು ಗೆದ್ದರು. ಕಾಮನ್‌ವೆಲ್ತ್ ಕ್ರೀಡಾಕೂಟದ ಹೈಜಂಪ್‌ನಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. ಮಾಧ್ಯಮಗಳಿಗೆ ಅಂದು ಸಿಕ್ಕಿದ್ದು ಕೋರ್ಟ್ ಕಥೆ: ತಂಡದಿಂದ ಕೈಬಿಟ್ಟ ಹುಡುಗ ದೆಹಲಿ ಹೈಕೋರ್ಟ್ ಮೆಟ್ಟಿಲೇರಿ, ಕೊನೇ ಗಳಿಗೆಯಲ್ಲಿ ಅವಕಾಶ ಪಡೆದು, ಪದಕ ತಂದ. ಕಥೆ ಚೆನ್ನಾಗಿದೆ, ಸುಳ್ಳೂ ಅಲ್ಲ. ಆದ್ರೆ ಅದರ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಕೇಳದೇ ಉಳಿಯಿತು. ಭಾರತದ ಅತ್ಯುತ್ತಮ ಹೈಜಂಪರ್ ಐದು ವರ್ಷ ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಸಣ್ಣ ಊರಲ್ಲಿ ಏನು ಮಾಡ್ತಿದ್ದ?

ಉತ್ತರ ಸರಳ. ಓದ್ತಿದ್ದ. ಆ ಕಾಲೇಜಿನಲ್ಲಿ ಹಾರೋದನ್ನ ಕಲಿಸೋಕೆ ಅಂತಲೇ ಸಂಬಳ ಪಡೆಯುವ ಒಬ್ಬರು ಇದ್ದರು.

ಆ ಊರು ಮ್ಯಾನ್‌ಹಟನ್. ನ್ಯೂಯಾರ್ಕ್‌ನದ್ದಲ್ಲ, ಗೋಧಿ ಬೆಳೆಯುವ ಕಾನ್ಸಾಸ್‌ನದ್ದು. ಅಲ್ಲಿನ ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿ ಒಂದು ಸರ್ಕಾರಿ ವಿಶ್ವವಿದ್ಯಾಲಯ. ಅಲ್ಲಿ ಮೂರು ದಶಕ ಅಥ್ಲೆಟಿಕ್ಸ್ ಮುಖ್ಯ ಕೋಚ್ ಆಗಿದ್ದವರು ಕ್ಲಿಫ್ ರೊವೆಲ್ಟೊ. ಇಡೀ ತಂಡದ ಹೊಣೆ ಇದ್ದರೂ ಹೈಜಂಪ್ ಮತ್ತು ಡೆಕಾಥ್ಲಾನ್, ಹೆಪ್ಟಾಥ್ಲಾನ್‌ನಂಥ ಬಹುಸ್ಪರ್ಧೆಗಳ ಹುಡುಗ ಹುಡುಗಿಯರನ್ನು ಅವರೇ ನೋಡಿಕೊಳ್ಳುತ್ತಿದ್ದರು. ಅವರ ಶಿಷ್ಯ ಎರಿಕ್ ಕೈನಾರ್ಡ್ 2012ರ ಲಂಡನ್ ಒಲಿಂಪಿಕ್ಸ್ ಹೈಜಂಪ್‌ನಲ್ಲಿ ಬೆಳ್ಳಿ ಗೆದ್ದಾಗ ಇನ್ನೂ ಅದೇ ಕಾಲೇಜಿನ ವಿದ್ಯಾರ್ಥಿ. ಚಿನ್ನ ಗೆದ್ದಿದ್ದ ರಷ್ಯಾದ ಇವಾನ್ ಉಖೋವ್ ಡೋಪಿಂಗ್‌ನಿಂದ ಅನರ್ಹಗೊಂಡ ಮೇಲೆ ಆ ಚಿನ್ನವೂ ಕೈನಾರ್ಡ್‌ಗೆ ಬಂತು. ಅಂಥವರ ಕೈಕೆಳಗೆ ತೇಜಸ್ವಿನ್ 2017ರಲ್ಲಿ ಪೂರ್ಣ ಸ್ಕಾಲರ್‌ಶಿಪ್ ಮೇಲೆ ಸೇರಿದರು. 2018ರಲ್ಲಿ ಟೆಕ್ಸಾಸ್‌ನಲ್ಲಿ 2.29 ಮೀಟರ್ ಹಾರಿ ತಮ್ಮದೇ ರಾಷ್ಟ್ರೀಯ ದಾಖಲೆ ಮುರಿದರು. 2018 ಮತ್ತು 2022ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆದರು.

ಜಂಪ್ ಕೋಚ್ ಅಂದ್ರೆ ಮಾಡೋದೇನು?

ಹೊರಗಿಂದ ನೋಡೋರಿಗೆ ಇದು ವಿಚಿತ್ರ ಕೆಲಸ. ಹುಡುಗ ಓಡಿ ಬರ್ತಾನೆ, ಹಾರ್ತಾನೆ, ಬೀಳ್ತಾನೆ. ಇದರಲ್ಲಿ ಕಲಿಸೋದು ಏನಿದೆ?

ಎಂಜಿನಿಯರಿಂಗ್ ಓದಿದವರಿಗೆ ಮೊದಲ ಸೆಮಿಸ್ಟರ್‌ನ ಮೆಕ್ಯಾನಿಕ್ಸ್ ನೆನಪಿರಬಹುದು. ಪಾದ ನೆಲ ಬಿಟ್ಟ ಕ್ಷಣಕ್ಕೆ ದೇಹದ ಗುರುತ್ವ ಕೇಂದ್ರದ ದಾರಿ ತೀರ್ಮಾನ ಆಗಿಬಿಡುತ್ತೆ. ಗಾಳಿಯಲ್ಲಿ ಕೈಕಾಲು ಎಷ್ಟೇ ಬಡಿದರೂ ಆ ದಾರಿ ಬದಲಾಗಲ್ಲ, ಕಲ್ಲು ಎಸೆದ ಹಾಗೆ. ಬದಲಾಯಿಸಬಹುದಾದದ್ದು ಆ ದಾರಿಯ ಸುತ್ತ ದೇಹವನ್ನು ಹೇಗೆ ಬಾಗಿಸ್ತೀವಿ ಅನ್ನೋದು ಮಾತ್ರ. ಬೆನ್ನು ಬಾಗಿಸಿ ಹಿಮ್ಮುಖವಾಗಿ ಹಾರುವವರ ಗುರುತ್ವ ಕೇಂದ್ರ ಬಾರ್‌ನ ಕೆಳಗೇ ಹೋಗಬಹುದು, ದೇಹ ಮಾತ್ರ ಮೇಲಿಂದ ದಾಟುತ್ತೆ. ಆದ್ರೆ ಎತ್ತರ ಬಂದಿದ್ದು ನೆಲದಿಂದ. ಅಂದ್ರೆ ನಾವು ಟಿವಿಯಲ್ಲಿ ಬೆರಗಾಗಿ ನೋಡುವ ಆ ಹಾರಾಟ ಮುಗಿದುಹೋದ ಲೆಕ್ಕದ ಉತ್ತರ. ಕೋಚ್ ಕೆಲಸ ಇರೋದು ಅದಕ್ಕಿಂತ ಮುಂಚೆ.

ಹೈಜಂಪ್‌ನಲ್ಲಿ ಸಾಮಾನ್ಯವಾಗಿ ಹತ್ತು ಹೆಜ್ಜೆಯ ಓಟ. ಮೊದಲರ್ಧ ನೇರ, ಉಳಿದರ್ಧ ಬಿಲ್ಲಿನಂತೆ ಬಾಗಿದ ದಾರಿ. ಬೈಕ್‌ನಲ್ಲಿ ತಿರುವು ತಗೊಳ್ಳುವಾಗ ಒಳಗೆ ವಾಲಿದಂತೆ ಇಲ್ಲೂ ದೇಹ ಒಳಗೆ ವಾಲುತ್ತೆ. ಕೊನೇ ಹೆಜ್ಜೆಯಲ್ಲಿ ಆ ವಾಲಿಕೆ ನೆಟ್ಟಗಾಗುವಾಗಲೇ ಬಾರ್ ಮೇಲೆ ತಿರುಗಲು ಬೇಕಾದ ಚಲನೆ ಹುಟ್ಟೋದು. ಕೊನೆಯಿಂದ ಎರಡನೇ ಹೆಜ್ಜೆಯಲ್ಲಿ ಸೊಂಟ ಸ್ವಲ್ಪ ಇಳಿಯಬೇಕು, ಆದ್ರೆ ವೇಗ ಇಳಿಯಬಾರದು. ಟೇಕ್‌ಆಫ್‌ಗೆ ಪಾದ ನೆಲದ ಮೇಲಿರೋದು ಹೆಚ್ಚೂಕಡಿಮೆ 0.2 ಸೆಕೆಂಡ್. ಅಷ್ಟರಲ್ಲಿ ಎಲ್ಲ ಆಗಬೇಕು.

ಲಾಂಗ್‌ಜಂಪ್‌ನ ಲೆಕ್ಕ ಇನ್ನೂ ಕಟು. ಹಾರುವ ಹಲಗೆಯ ಅಗಲ 20 ಸೆಂಟಿಮೀಟರ್. ಓಟ ಇಪ್ಪತ್ತು ಹೆಜ್ಜೆ ಅಂತಿಟ್ಟುಕೊಳ್ಳಿ. ಎದುರು ಗಾಳಿಯಿಂದಲೋ ಭಯದಿಂದಲೋ ಒಂದೊಂದು ಹೆಜ್ಜೆ ಬರೀ 2 ಸೆಂಟಿಮೀಟರ್ ಬದಲಾದ್ರೂ ಕೊನೆಗೆ 40 ಸೆಂಟಿಮೀಟರ್ ವ್ಯತ್ಯಾಸ, ಹಲಗೆಯ ಎರಡು ಪಟ್ಟು. ಹಾಗಾಗಿ ಕೋಚ್‌ಗಳು ಟ್ರ್ಯಾಕ್ ಪಕ್ಕದಲ್ಲಿ ತಮ್ಮದೇ ಗುರುತು ಇಟ್ಟುಕೊಂಡು, ಹಲಗೆಗೆ ಇನ್ನು ಕೆಲವೇ ಹೆಜ್ಜೆ ಇರುವಾಗ ಪಾದ ಎಲ್ಲಿ ಬೀಳ್ತಿದೆ ಅಂತ ನೋಡ್ತಾರೆ. ದೋಷ ಓಟದ ಶುರುವಲ್ಲಿದೆಯೋ, ಕೊನೆಯಲ್ಲಿ ಹಲಗೆ ಕಂಡು ಹೆದರಿ ಹೆಜ್ಜೆ ಕಿರಿದಾಯಿತೋ ಅಂತ ಹೇಳೋಕೆ ಆಗೋದು ಆಗಲೇ.

ಈಗ ಮೊಬೈಲ್ ಇದೆಯಲ್ಲ ಅನ್ನಬಹುದು. ನಿಜ. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್ ಇದ್ದರೆ ಆ 0.2 ಸೆಕೆಂಡಿನಲ್ಲಿ ಸಿಗೋದು 6 ಚಿತ್ರ. ಸ್ಲೋಮೋಷನ್‌ನ 240 ಫ್ರೇಮ್‌ನಲ್ಲಿ 48. ಅಗ್ಗದ ಫೋನಿನಲ್ಲೂ ಸ್ಲೋಮೋಷನ್ ಬಂದಿದೆ. ಆದ್ರೆ ಆ 48ರಲ್ಲಿ ಯಾವುದನ್ನು ನೋಡಬೇಕು, ಕಂಡ ಐದು ತಪ್ಪುಗಳಲ್ಲಿ ಈ ವಾರ ಯಾವ ಒಂದನ್ನು ಹೇಳಬೇಕು, ಮೊಣಕಾಲಿನ ಸ್ನಾಯುರಜ್ಜು ಇವತ್ತು ಇನ್ನೆಷ್ಟು ಜಿಗಿತ ತಡೆದೀತು ಅನ್ನೋದನ್ನ ಫೋನ್ ಹೇಳಲ್ಲ. ಅದನ್ನು ಹೇಳಲು ಅದೇ ಹುಡುಗಿಯನ್ನು ದಿನಾ ನೋಡಿರುವ ಕಣ್ಣು ಬೇಕು.

ಸುಮ್ಮನಿರೋದೂ ಕೆಲಸವೇ

ಕೆಲವೊಮ್ಮೆ ಕೋಚ್ ಮಾಡುವ ದೊಡ್ಡ ಉಪಕಾರ ದಾರಿ ಬಿಡೋದು. 1960ರ ದಶಕದಲ್ಲಿ ಡಿಕ್ ಫಾಸ್ಬರಿ ಎಂಬ ಹುಡುಗ ಬಾರ್‌ಗೆ ಬೆನ್ನು ಹಾಕಿ ಹಾರುವ ತನ್ನದೇ ಶೈಲಿಯೊಂದಿಗೆ ಒರೆಗಾನ್ ಸ್ಟೇಟ್ ಕಾಲೇಜಿಗೆ ಬಂದ. ಅಲ್ಲಿನ ಕೋಚ್ ಬರ್ನಿ ವ್ಯಾಗ್ನರ್‌ಗೆ ಅದು ಇಷ್ಟವಾಗಲಿಲ್ಲ. ಹೊಟ್ಟೆ ಕೆಳಗಾಗಿ ಬಾರ್ ದಾಟುವ ಹಳೆಯ ಶೈಲಿಯನ್ನೇ ಅಭ್ಯಾಸ ಮಾಡಿಸಿದರು. ಆಮೇಲೆ ಹುಡುಗ ತನ್ನ ಶೈಲಿಯಲ್ಲೇ ಕಾಲೇಜಿನ ದಾಖಲೆ ಮುರಿದಾಗ ವ್ಯಾಗ್ನರ್ ಹಟ ಬಿಟ್ಟರು. ಅದೇ ಹುಡುಗ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 2.24 ಮೀಟರ್ ಹಾರಿ ಚಿನ್ನ ಗೆದ್ದ. ಇಂದು ದೊಡ್ಡ ಕೂಟಗಳಲ್ಲಿ ಹೈಜಂಪರ್‌ಗಳು ಹಾರೋದು ಅವನ ಹಾಗೇ.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಫಾಸ್ಬರಿ ಬೆನ್ನ ಮೇಲೆ ಬೀಳುವ ಧೈರ್ಯ ಮಾಡಿದ್ದು ಅವನ ಹೈಸ್ಕೂಲಿಗೆ ಫೋಮ್ ಹಾಸಿಗೆ ಬಂದಿದ್ದಕ್ಕೆ. ಮರಳಿನ ಗುಂಡಿಯಲ್ಲಿ ಹಾಗೆ ಬಿದ್ದಿದ್ದರೆ ಕತ್ತು ಮುರೀತಿತ್ತು. ಪ್ರತಿಭೆ ಅಂತ ನಾವು ಕರೆಯುವುದರಲ್ಲಿ ಒಂದು ಪಾಲು ಹಾಸಿಗೆಯದ್ದು.

ನಮ್ಮಲ್ಲಿ ಕೋಚ್ ಅಂದ್ರೆ ಅಪ್ಪ, ಇಲ್ಲಾ ಗಂಡ

2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.70 ಮೀಟರ್ ಹಾರಿ ಕಂಚು ಗೆದ್ದ ಅಂಜು ಬಾಬಿ ಜಾರ್ಜ್ ಅವರ ಕೋಚ್ ಪತಿ ರಾಬರ್ಟ್ ಬಾಬಿ ಜಾರ್ಜ್. 2022ರ ಕಾಮನ್‌ವೆಲ್ತ್ ಕೂಟದ ಲಾಂಗ್‌ಜಂಪ್‌ನಲ್ಲಿ ಬೆಳ್ಳಿ ಗೆದ್ದ ಮುರಳಿ ಶ್ರೀಶಂಕರ್ ಅವರ ಕೋಚ್ ಅಪ್ಪ ಎಸ್. ಮುರಳಿ, ಸ್ವತಃ ಮಾಜಿ ಟ್ರಿಪಲ್ ಜಂಪರ್. ಇವರ ಸಾಧನೆಗೆ ಕೈ ಮುಗಿಯೋಣ. ಆದ್ರೆ ಒಂದು ದೇಶದ ಕ್ರೀಡಾ ವ್ಯವಸ್ಥೆ 'ಒಳ್ಳೆ ಕುಟುಂಬದಲ್ಲಿ ಹುಟ್ಟು ಅಥವಾ ಒಳ್ಳೆ ಕಡೆ ಮದುವೆಯಾಗು' ಅನ್ನೋದರ ಮೇಲೆ ನಿಂತಿದ್ರೆ ಅದನ್ನು ವ್ಯವಸ್ಥೆ ಅಂತ ಕರೆಯೋಕಾಗಲ್ಲ. ಅಪ್ಪ ಕೂಲಿ ಮಾಡುವ ಮನೆಯ ಹುಡುಗಿಗೆ ಟ್ರಿಪಲ್ ಜಂಪರ್ ಅಪ್ಪ ಸಿಗಲ್ಲ.

ಕುಟುಂಬ ಬಿಟ್ಟರೆ ಪರಿಣತ ಜಂಪ್ ಕೋಚ್ ಸಿಗೋದು ಹೆಚ್ಚಾಗಿ ಎರಡು ಕಡೆ. ಒಂದು, ರಾಷ್ಟ್ರೀಯ ಶಿಬಿರ. ಇನ್ನೊಂದು, ಕಾರ್ಪೊರೇಟ್ ಅಕಾಡೆಮಿ. ಜೆಸ್ವಿನ್ ಆಲ್ಡ್ರಿನ್ 2023ರ ಮಾರ್ಚ್‌ನಲ್ಲಿ 8.42 ಮೀಟರ್ ಲಾಂಗ್‌ಜಂಪ್ ರಾಷ್ಟ್ರೀಯ ದಾಖಲೆ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ, ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಅದು ಜೆಎಸ್‌ಡಬ್ಲ್ಯು ಕಟ್ಟಿದ ಸಂಸ್ಥೆ. ಆದ್ರೆ ಈ ಎರಡೂ ಕಡೆ ಬಾಗಿಲು ತೆರೆಯೋದು ಆಗಲೇ ಚೆನ್ನಾಗಿ ಹಾರುವವರಿಗೆ. ಚೆನ್ನಾಗಿ ಹಾರೋಕೆ ಕಲಿಯಬೇಕಾದ 18ರಿಂದ 22ರ ವಯಸ್ಸಿನವರು ಇರೋದು ಕಾಲೇಜಿನಲ್ಲಿ.

ಕಾಲೇಜಿನಲ್ಲಿ ಯಾರಿದ್ದಾರೆ? ದೈಹಿಕ ಶಿಕ್ಷಣ ನಿರ್ದೇಶಕರು. ಯುಜಿಸಿ ನಿಯಮದ ಪ್ರಕಾರ ಅವರು ಓದಿರಬೇಕಾದದ್ದು ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ, ಜೊತೆಗೆ ಎನ್‌ಇಟಿ ಅಥವಾ ಪಿಎಚ್‌ಡಿ. ಕೋಚ್ ಆಗಲು ಬೇಕಾದ ಓದೇ ಬೇರೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾದಲ್ಲಿ ಒಂದು ಕ್ರೀಡೆಯನ್ನು ಹಿಡಿದು ಕಲಿಸ್ತಾರೆ. ನಾವು ಮೊದಲನೆಯವರನ್ನು ನೇಮಿಸಿ ಎರಡನೆಯವರ ಕೆಲಸ ನಿರೀಕ್ಷಿಸ್ತೀವಿ. ಕಬಡ್ಡಿ, ವಾಲಿಬಾಲ್, ಖೋಖೋ, ಅಥ್ಲೆಟಿಕ್ಸ್, ಸ್ವಾತಂತ್ರ್ಯ ದಿನಾಚರಣೆಯ ಪಥಸಂಚಲನ, ವಾರ್ಷಿಕೋತ್ಸವದ ಶಿಸ್ತು, ಎಲ್ಲಕ್ಕೂ ಒಬ್ಬರೇ ಪಿ.ಇ. ಸರ್. ಅಂತರ ಕಾಲೇಜು ಕೂಟಕ್ಕೆ ಹದಿನೈದು ದಿನ ಇದೆ ಅನ್ನುವಾಗ 'ಯಾರು ಉದ್ದ ಇದ್ದೀರಪ್ಪಾ, ಹೈಜಂಪ್‌ಗೆ ಬನ್ನಿ' ಅಂತ ಕರೆಯೋದು ಅವರ ತಪ್ಪಲ್ಲ.

ಅಪವಾದ ಇಲ್ಲ ಅಂತಲ್ಲ. ಮೂಡುಬಿದಿರೆಯ ಆಳ್ವಾಸ್ ಕ್ರೀಡಾಪಟುಗಳನ್ನು ದತ್ತು ಪಡೆದು ಊಟ, ವಸತಿ, ಓದು, ತರಬೇತಿ ಕೊಡುತ್ತೆ. ಮಂಗಳೂರು ವಿಶ್ವವಿದ್ಯಾಲಯ ಅಖಿಲ ಭಾರತ ಅಂತರ ವಿವಿ ಅಥ್ಲೆಟಿಕ್ಸ್‌ನಲ್ಲಿ ಮತ್ತೆ ಮತ್ತೆ ಪ್ರಶಸ್ತಿ ಗೆದ್ದಿರೋದರ ಹಿಂದೆ ಆ ಒಂದು ಕ್ಯಾಂಪಸ್‌ನ ದೊಡ್ಡ ಪಾಲಿದೆ. ಕಾಲೇಜು ಮನಸ್ಸು ಮಾಡಿದ್ರೆ ಆಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಆದ್ರೆ ಒಂದು ಖಾಸಗಿ ಸಂಸ್ಥೆಯ ಇಚ್ಛೆಯನ್ನು ಸರ್ಕಾರಿ ನೀತಿಯ ಬದಲಿಗೆ ಇಡೋಕಾಗಲ್ಲ. ದಕ್ಷಿಣ ಕನ್ನಡದ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಹಾರಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಒಂದು ದಶಕ ಕಳೆದ ಮೇಲೂ ದೇಶದ ಯಾವ ಹುಡುಗಿಯೂ ಆ ಎತ್ತರ ಮೀರಿರಲಿಲ್ಲ. ಇದನ್ನು ಬರೀ ಹೆಮ್ಮೆಯಿಂದ ಹೇಳಿದ್ರೆ ಸಾಲದು.

ಅಮೆರಿಕ ಸ್ವರ್ಗವಲ್ಲ

ಅಮೆರಿಕದ ಕಾಲೇಜುಗಳು ಜಂಪ್ ಕೋಚ್ ಇಟ್ಟುಕೊಳ್ಳೋದು ಕ್ರೀಡಾಪ್ರೇಮದಿಂದ ಮಾತ್ರ ಅಲ್ಲ. ದೊಡ್ಡ ವಿವಿಗಳಲ್ಲಿ ಹಣ ಬರೋದು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ನ ಟಿವಿ ಹಕ್ಕಿನಿಂದ. ಅಥ್ಲೆಟಿಕ್ಸ್ ಅದರ ನೆರಳಲ್ಲಿ ಬದುಕುತ್ತೆ. 2025ರಲ್ಲಿ ಅಲ್ಲಿನ ಕೋರ್ಟ್ ಒಪ್ಪಿದ ಇತ್ಯರ್ಥದ ಪ್ರಕಾರ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ದುಡಿದು ಕೊಟ್ಟವರಿಗೆ ಪಾಲು ಸಿಗೋದು ನ್ಯಾಯವೇ. ಆದ್ರೆ ಅದರ ಬಹುಪಾಲು ಫುಟ್‌ಬಾಲ್ ಕಡೆ ಹೋಗುತ್ತೆ, ಒಪ್ಪಿದ ಕಾಲೇಜುಗಳಲ್ಲಿ ಅಥ್ಲೆಟಿಕ್ಸ್ ತಂಡಕ್ಕೆ 45 ಮಂದಿಯ ಮಿತಿ ಬಂದಿದೆ. ಮೊದಲು ಹೊರಗುಳಿಯೋದು ಇನ್ನೂ ಕಲಿಯುತ್ತಿರುವ ಹುಡುಗ ಹುಡುಗಿಯರು. ಹಾಗಾಗಿ ಆ ಮಾದರಿಯನ್ನು ಹಾಗೇ ಎತ್ತಿ ತರೋಣ ಅಂತ ನಾನು ಹೇಳ್ತಿಲ್ಲ.

ನಮ್ಮ ಹುಡುಗರನ್ನು ಅಲ್ಲಿಗೆ ಕಳಿಸೋದೂ ಪರಿಹಾರವಲ್ಲ. ತೇಜಸ್ವಿನ್ ವಿವಾದ ಹುಟ್ಟಿದ್ದೇ ಅಲ್ಲಿಂದ. 2022ರ ಜೂನ್‌ನಲ್ಲಿ ಅವರು ಅಮೆರಿಕದ ಕಾಲೇಜು ಫೈನಲ್‌ನಲ್ಲಿ 2.27 ಮೀಟರ್ ಹಾರಿದರು. ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ ನಿಗದಿ ಮಾಡಿದ್ದ ಅರ್ಹತಾ ಮಟ್ಟ ಅಷ್ಟೇ ಇತ್ತು. ಆದ್ರೆ ಅದೇ ದಿನಗಳಲ್ಲಿ ಚೆನ್ನೈನಲ್ಲಿ ಅಂತರ ರಾಜ್ಯ ಕೂಟ ಇತ್ತು, ಅಲ್ಲಿಗೆ ಬರೋದು ಕಡ್ಡಾಯ ಎಂದಿತ್ತು ಫೆಡರೇಷನ್. ಎಲ್ಲರಿಗೂ ಒಂದೇ ನಿಯಮ ಅನ್ನೋ ಅದರ ವಾದವನ್ನು ತಳ್ಳಿಹಾಕೋಕೆ ಆಗಲ್ಲ. ಆದ್ರೆ ಸ್ಕಾಲರ್‌ಶಿಪ್ ಕೊಟ್ಟ ಕಾಲೇಜು ಒಂದು ಕಡೆ, ದೇಶ ಇನ್ನೊಂದು ಕಡೆ ಅಂತ ಒಬ್ಬ ವಿದ್ಯಾರ್ಥಿ ಆರಿಸಬೇಕಾಗಿ ಬಂದಿದ್ದು ಯಾಕೆ? ಅವನಿಗೆ ಬೇಕಾದದ್ದು ಇಲ್ಲಿನ ಯಾವ ಕಾಲೇಜಿನಲ್ಲೂ ಇರಲಿಲ್ಲ.

ಕೇಳಬೇಕಾದದ್ದು

ನಮ್ಮ ಸರ್ಕಾರಗಳಿಗೆ ಕೂಟ ನಡೆಸೋದು ಇಷ್ಟ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2022ರಲ್ಲಿ ಬೆಂಗಳೂರಲ್ಲೇ ನಡೀತು. ಉದ್ಘಾಟನೆ ಇರುತ್ತೆ, ಫ್ಲೆಕ್ಸ್ ಇರುತ್ತೆ, ಮಂತ್ರಿಗಳ ಫೋಟೊ ಇರುತ್ತೆ. ಕೂಟ ಹತ್ತು ದಿನ. ಕೋಚ್ ಬೇಕಾಗೋದು ಉಳಿದ 355 ದಿನ.

ಪ್ರತಿ ಪದವಿ ಕಾಲೇಜಿಗೂ ಜಂಪ್ ಕೋಚ್ ಬೇಕು ಅನ್ನೋದು ಅತಿಯಾಸೆ. ಆದ್ರೆ ಒಂದೊಂದು ವಿಶ್ವವಿದ್ಯಾಲಯಕ್ಕೆ ಓಟಕ್ಕೊಬ್ಬರು, ಜಿಗಿತಕ್ಕೊಬ್ಬರು, ಎಸೆತಕ್ಕೊಬ್ಬರು ಅಂತ ಮೂವರು ಡಿಪ್ಲೊಮಾ ಪಡೆದ ಕೋಚ್‌ಗಳು, ಕಾಯಂ ಹುದ್ದೆಯಲ್ಲಿ, ಜೊತೆಗೊಂದು ನೆಟ್ಟಗಿನ ಫೋಮ್ ಹಾಸಿಗೆ ಅತಿಯಾಸೆಯಲ್ಲ. ಇದು ಬೊಕ್ಕಸ ಮುಳುಗಿಸುವ ಬೇಡಿಕೆಯಲ್ಲ, ಯಾವ ವಿವಿಯ ಬಜೆಟ್ ಸಭೆಯಲ್ಲೂ ಇಡಬಹುದಾದ ಬೇಡಿಕೆ.

ಶುರು ಮಾಡೋಕೆ ನಿಮ್ಮ ಪ್ರವೇಶ ಶುಲ್ಕದ ರಸೀದಿ ತೆಗೆದು ನೋಡಿ. ಅದರಲ್ಲಿ 'ಕ್ರೀಡಾ ಶುಲ್ಕ' ಅಂತ ಒಂದು ಸಾಲು ಇದೆಯಾ? ಇದ್ದರೆ ಆ ಹಣ ಕಳೆದ ವರ್ಷ ಎಷ್ಟು ಸೇರಿತು, ಯಾವುದಕ್ಕೆ ಖರ್ಚಾಯಿತು, ಅದರಲ್ಲಿ ಟ್ರ್ಯಾಕ್ ಸೂಟ್ ಮತ್ತು ಟ್ರೋಫಿಗೆ ಎಷ್ಟು, ತರಬೇತಿಗೆ ಎಷ್ಟು ಅಂತ ಪ್ರಾಂಶುಪಾಲರನ್ನು ಬರವಣಿಗೆಯಲ್ಲಿ ಕೇಳಿ. ಸರ್ಕಾರಿ ಕಾಲೇಜಾದರೆ ಮಾಹಿತಿ ಹಕ್ಕು ಅರ್ಜಿಯ ಶುಲ್ಕ ಹತ್ತು ರೂಪಾಯಿ.