ಅಪರಾಧದ ತನಿಖೆ

ಅಪರಾಧಿಗೆ ಶಿಕ್ಷೆಯಾಗಬೇಕೆಂದು ನಾವೆಲ್ಲರೂ ಬಯಸುತ್ತೇವೆ. ಆದರೆ ಘಟನೆಗೂ ತೀರ್ಪಿಗೂ ನಡುವೆ ಎಷ್ಟು ದೂರವಿದೆಯೆಂಬುದನ್ನು ನಾವು ಯೋಚಿಸುವುದು ವಿರಳ.

ಅಮೆರಿಕದಲ್ಲಿ ಅನೇಕ ಸರ್ಕಾರಿ ಅಭಿಯೋಜಕರ ಕಚೇರಿಗಳಲ್ಲಿಯೇ ತನಿಖೆಗಾರರಿರುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ತನಿಖೆಯು ಪೊಲೀಸರ ಹೊಣೆ. ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಸುವುದು ಅಭಿಯೋಜಕರ ಹೊಣೆ. ತನಿಖೆಗಾರನು ಸ್ಥಳವನ್ನು ಕಂಡು ಮಹಜರು ಬರೆಯುತ್ತಾನೆ; ಸಾಕ್ಷಿಗಳ ಹೇಳಿಕೆ ಪಡೆಯುತ್ತಾನೆ; ದೊರೆತ ವಸ್ತುಗಳಿಗೆ ಮೊಹರು ಹಾಕಿ ಪ್ರಯೋಗಶಾಲೆಗೆ ಕಳುಹಿಸುತ್ತಾನೆ. ಆರೋಪಿಯು ಪೊಲೀಸರೆದುರು ತಪ್ಪೊಪ್ಪಿಕೊಂಡರೂ ಆ ಒಪ್ಪಿಗೆಯೊಂದನ್ನೇ ನಂಬಿ ಅವನನ್ನು ಶಿಕ್ಷಿಸಲಾಗದು. ಆದುದರಿಂದ ಸಾಕ್ಷ್ಯಸಂಗ್ರಹವೇ ಈ ವೃತ್ತಿಯ ಜೀವಾಳ.

ಪುಣೆಯ ಬಳಿಯ ತಳೇಗಾಂವ ದಾಭಾಡೆಯಲ್ಲಿ, ಮಾಹಿತಿ ಹಕ್ಕಿನ ಕಾನೂನಿನಿಂದ ಭೂವ್ಯವಹಾರಗಳ ಅಕ್ರಮಗಳನ್ನು ಬಯಲಿಗೆಳೆದಿದ್ದ ಸತೀಶ ಶೆಟ್ಟಿಯವರು 2010ರ ಜನವರಿ 13ರಂದು ಮುಂಜಾನೆ ವಾಯುವಿಹಾರಕ್ಕೆ ಹೊರಟಾಗ ಕೊಲೆಗೀಡಾದರು. ತನಿಖೆಯು ಮೊದಲು ಪೊಲೀಸರಲ್ಲಿದ್ದು, ಅದೇ ವರ್ಷ ಕೇಂದ್ರ ತನಿಖಾ ದಳಕ್ಕೆ ಹೋಯಿತು. ಸಾಕಷ್ಟು ಸಾಕ್ಷ್ಯವಿಲ್ಲವೆಂದು ಆ ದಳವು 2014ರಲ್ಲಿ ಮುಕ್ತಾಯದ ವರದಿ ಸಲ್ಲಿಸಿತು. ತನಿಖೆಯನ್ನು ಪುನಃ ಕೈಗೊಂಡು 2018ರಲ್ಲಿಯೂ ಅದನ್ನೇ ಮಾಡಿತು.

ಸಾಕ್ಷ್ಯವಿಲ್ಲದೆ ಯಾರನ್ನೂ ಶಿಕ್ಷಿಸಬಾರದು. ಇದು ನಿರಪರಾಧಿಗೆ ರಕ್ಷೆ. ಆದರೆ ಸಾಕ್ಷ್ಯವು ಕೈತಪ್ಪಿದರೆ ಮಡಿದವರಿಗೆ ನ್ಯಾಯವೇ ದೊರೆಯದು. ಕಂಡದ್ದನ್ನು ಕಂಡಂತೆ, ಅಂಜದೆ ನುಡಿಯುವ ಸಾಕ್ಷಿಗಳಿಲ್ಲದೆ ಯಾವ ತನಿಖೆಗಾರನೂ ಗೆಲ್ಲಲಾರನು. ಆ ಧೈರ್ಯವನ್ನು ನಾವು ಈಗಿನಿಂದಲೇ ಬೆಳೆಸಿಕೊಳ್ಳೋಣ.