ಎದೆಗೂಡು, ಶ್ವಾಸಕೋಶ ಮತ್ತು ಉಸಿರಾಟ: ಸಾರಕ್ಕಿಯ ಗಾಳಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಕನಕಪುರ ರಸ್ತೆಯ ಮಗ್ಗುಲಿಗಿರುವ ಸಾರಕ್ಕಿಯು ಮೂಲತಃ ಕೆರೆಯನ್ನು ಆಶ್ರಯಿಸಿದ್ದ ಒಂದು ಗ್ರಾಮ. ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳು ಬೆಳೆದಂತೆ ಅದು ನಗರದೊಳಗೆ ಬೆರೆತುಹೋಯಿತು. 2015ರಲ್ಲಿ ಜಿಲ್ಲಾಡಳಿತವು ಒತ್ತುವರಿಯನ್ನು ತೆರವುಗೊಳಿಸಿದ ಸುಮಾರು 82 ಎಕರೆ ವಿಸ್ತೀರ್ಣದ ಕೆರೆ ಒಂದೆಡೆ, ವಾಹನಗಳು ಸಾಲುಗಟ್ಟಿ ನಿಲ್ಲುವ ಸಾರಕ್ಕಿ ಸಿಗ್ನಲ್ ಇನ್ನೊಂದೆಡೆ. ಇಲ್ಲಿನ ನಿವಾಸಿಯು ದಿನವೊಂದರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ಉಸಿರಾಡುತ್ತಾನೆ. ಸುಮಾರು ಹತ್ತು ಸಾವಿರ ಲೀಟರ್ ಗಾಳಿಯು ಅವನ ಎದೆಯೊಳಗೆ ಹೋಗಿ ಬರುತ್ತದೆ. ಈ ಗಾಳಿಯು ಯಾವ ಮಾರ್ಗದಲ್ಲಿ ಸಾಗುತ್ತದೆ, ಯಾವ ಬಲದಿಂದ ಚಲಿಸುತ್ತದೆ, ತನ್ನೊಡನೆ ತಂದುದನ್ನು ಎಲ್ಲಿ ಬಿಟ್ಟುಹೋಗುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎದೆಗೂಡಿನ ರಚನೆ

ಎದೆಗೂಡು ಮೂಳೆ, ಮೃದ್ವಸ್ಥಿ ಮತ್ತು ಸ್ನಾಯುಗಳಿಂದಾದ ಒಂದು ಪಂಜರ. ಹಿಂಬದಿಯಲ್ಲಿ ಬೆನ್ನೆಲುಬಿನ 12 ಕಶೇರುಮಣಿಗಳು, ಮುಂಬದಿಯಲ್ಲಿ ಎದೆಮೂಳೆ, ಇವೆರಡರ ನಡುವೆ ಬಾಗಿ ಬರುವ 12 ಜೊತೆ ಪಕ್ಕೆಲುಬುಗಳು ಇದರ ಚೌಕಟ್ಟು. ಮೇಲಿನ ಏಳು ಜೊತೆಗಳು ತಮ್ಮ ಮೃದ್ವಸ್ಥಿಗಳ ಮೂಲಕ ನೇರವಾಗಿ ಎದೆಮೂಳೆಯನ್ನು ಸೇರುತ್ತವೆ. ಎಂಟರಿಂದ ಹತ್ತನೆಯವು ತಮಗಿಂತ ಮೇಲಿನ ಪಕ್ಕೆಲುಬಿನ ಮೃದ್ವಸ್ಥಿಗೆ ಅಂಟಿಕೊಂಡಿವೆ. ಕೊನೆಯ ಎರಡು ಜೊತೆಗಳ ಮುಂದಿನ ತುದಿ ಯಾವುದಕ್ಕೂ ಸೇರದೆ ಬಿಡುವಾಗಿರುತ್ತದೆ. ಪಂಜರದ ತಳವನ್ನು ಮುಚ್ಚಿರುವುದು ವಪೆ. ಕಮಾನಿನಂತೆ ಮೇಲಕ್ಕೆ ಉಬ್ಬಿರುವ ಈ ಸ್ನಾಯುಹಾಳೆಯು ಎದೆಯನ್ನು ಹೊಟ್ಟೆಯಿಂದ ಬೇರ್ಪಡಿಸುತ್ತದೆ. ಅನ್ನನಾಳ ಮತ್ತು ದೊಡ್ಡ ರಕ್ತನಾಳಗಳು ಇದರಲ್ಲಿರುವ ದ್ವಾರಗಳ ಮೂಲಕವೇ ಕೆಳಗಿಳಿಯುತ್ತವೆ.

ಎದೆಯ ಕುಹರದ ಎರಡು ಪಾರ್ಶ್ವಗಳಲ್ಲಿ ಶ್ವಾಸಕೋಶಗಳೂ ನಡುವಣ ಭಾಗದಲ್ಲಿ ಹೃದಯ, ಶ್ವಾಸನಾಳ, ಅನ್ನನಾಳ ಮುಂತಾದವೂ ಇವೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು. ಹೃದಯಕ್ಕೆ ಸ್ಥಳ ಬಿಟ್ಟುಕೊಟ್ಟಿರುವ ಎಡ ಶ್ವಾಸಕೋಶಕ್ಕೆ ಎರಡೇ. ಪ್ರತಿ ಶ್ವಾಸಕೋಶವನ್ನೂ ಎರಡು ಪದರಗಳ ತೆಳುವಾದ ಪೊರೆಯೊಂದು ಆವರಿಸಿದೆ. ಇದಕ್ಕೆ ಪ್ಲೂರಾ ಎಂದು ಹೆಸರು. ಒಳಪದರವು ಶ್ವಾಸಕೋಶಕ್ಕೂ ಹೊರಪದರವು ಎದೆಗೂಡಿನ ಒಳಗೋಡೆಗೂ ಅಂಟಿಕೊಂಡಿವೆ. ಇವುಗಳ ನಡುವೆ ಇರುವುದು ಕೆಲವೇ ಮಿಲಿಲೀಟರುಗಳಷ್ಟು ದ್ರವ. ಎರಡು ಒದ್ದೆ ಗಾಜಿನ ಹಲಗೆಗಳನ್ನು ಒಂದರ ಮೇಲೊಂದು ಜಾರಿಸಬಹುದಾದರೂ ಬಿಡಿಸಿ ಎತ್ತುವುದು ಕಷ್ಟ. ಪ್ಲೂರಾದ ಪದರಗಳ ಸಂಬಂಧವೂ ಇಂತಹುದೇ. ಎದೆಗೂಡು ಹಿಗ್ಗಿದಾಗ ಶ್ವಾಸಕೋಶವೂ ಅದನ್ನು ಅನುಸರಿಸಿ ಹಿಗ್ಗುವುದು ಈ ಕಾರಣದಿಂದ.

ಗಾಳಿಯ ಮಾರ್ಗ

ಮೂಗಿನಲ್ಲಿ ಗಾಳಿಯು ಬೆಚ್ಚಗಾಗಿ, ತೇವಗೊಂಡು, ದಪ್ಪ ಧೂಳನ್ನು ಕಳೆದುಕೊಂಡು ಗಂಟಲಿನ ಮೂಲಕ ಧ್ವನಿಪೆಟ್ಟಿಗೆಯನ್ನು ದಾಟಿ ಶ್ವಾಸನಾಳವನ್ನು ಪ್ರವೇಶಿಸುತ್ತದೆ. ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದದ ಈ ನಾಳವು ಕುಸಿಯದಂತೆ ಹಿಂಬದಿಯಲ್ಲಿ ತೆರೆದಿರುವ ಮೃದ್ವಸ್ಥಿಯ ಬಳೆಗಳು ಅದನ್ನು ಹಿಡಿದಿಟ್ಟಿವೆ. ಎದೆಯ ಮಧ್ಯದಲ್ಲಿ ಅದು ಎರಡಾಗಿ ಕವಲೊಡೆಯುತ್ತದೆ. ಬಲಗವಲು ಎಡಗವಲಿಗಿಂತ ಅಗಲ, ಗಿಡ್ಡ ಮತ್ತು ಹೆಚ್ಚು ನೇರ. ಈ ಅಂಗರಚನೆಗೆ ವ್ಯಾವಹಾರಿಕ ಮಹತ್ವವಿದೆ. ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆ ನಡೆಯುವಾಗ ದಕ್ಷಿಣ ಬೆಂಗಳೂರಿನ ಮನೆಮನೆಗೂ ಕಡಲೆಕಾಯಿ ಬರುತ್ತದೆ. ಅಗಿಯುವ ಹಲ್ಲು ಮೂಡದ ಮಗುವು ನಗುತ್ತಲೋ ಅಳುತ್ತಲೋ ಕಡಲೆಬೀಜವನ್ನು ಒಳಗೆಳೆದುಕೊಂಡರೆ ಅದು ಶ್ವಾಸನಾಳಕ್ಕೆ ಇಳಿದು, ಸಾಮಾನ್ಯವಾಗಿ ಬಲಗವಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲ ಕೆಮ್ಮು ನಿಂತಿತೆಂದು ಮನೆಯವರು ಸಮಾಧಾನ ತಾಳಿದರೂ, ಬೀಜವು ಒಳಗೇ ಉಳಿದು, ಊದಿ, ಆ ಭಾಗಕ್ಕೆ ಗಾಳಿಯನ್ನು ತಡೆಯಬಲ್ಲದು. ಮಗುವಿಗೆ ಹಠಾತ್ತನೆ ಕೆಮ್ಮು ಬಂದು ಎದೆಯ ಒಂದೇ ಬದಿಯಲ್ಲಿ ಉಸಿರಿನ ಸದ್ದು ಕುಂದಿದರೆ ವೈದ್ಯರು ಇದನ್ನು ಶಂಕಿಸುವುದು ಈ ಕಾರಣಕ್ಕಾಗಿ.

ಶ್ವಾಸನಾಳದಿಂದ ಕೊನೆಯ ತುದಿಯವರೆಗೆ ಕವಲೊಡೆಯುವಿಕೆಯು ಸುಮಾರು 23 ಹಂತಗಳಲ್ಲಿ ನಡೆಯುತ್ತದೆ. ಮೊದಲ 16 ಹಂತಗಳು ಕೇವಲ ಸಾಗಣೆಯ ಮಾರ್ಗಗಳು. ಅಲ್ಲಿ ಅನಿಲ ವಿನಿಮಯವಿಲ್ಲ. ಒಂದು ಸಾಧಾರಣ ಉಸಿರಿನ 500 ಮಿಲಿಲೀಟರಿನಲ್ಲಿ ಸುಮಾರು 150 ಮಿಲಿಲೀಟರ್ ಈ ಮಾರ್ಗದಲ್ಲಿಯೇ ಉಳಿದು ನಿರುಪಯುಕ್ತವಾಗಿ ಹಿಂದಿರುಗುತ್ತದೆ. ಏದುಸಿರಿಗಿಂತ ನಿಧಾನವಾದ ದೀರ್ಘ ಉಸಿರು ಹೆಚ್ಚು ಫಲಕಾರಿಯಾಗುವುದು ಇದರಿಂದಲೇ. ತುದಿಯಲ್ಲಿರುವ ವಾಯುಕೋಶಗಳ ಸಂಖ್ಯೆ ಮೂವತ್ತರಿಂದ ಐವತ್ತು ಕೋಟಿ. ಪ್ರತಿಯೊಂದರ ವ್ಯಾಸವೂ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು. ಎಲ್ಲವನ್ನೂ ಬಿಡಿಸಿ ಹರಡಿದರೆ ಸುಮಾರು 70 ಚದರ ಮೀಟರಿನಷ್ಟು, ಎಂದರೆ ಒಂದು ಸಣ್ಣ ಮನೆಯ ನೆಲದಷ್ಟು ವಿಸ್ತಾರವಾಗುತ್ತದೆ.

ಉಸಿರಾಟದ ಯಾಂತ್ರಿಕತೆ

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿಯಿಲ್ಲ. ಕಮ್ಮಾರನ ತಿದಿಯನ್ನು ಇಲ್ಲಿ ನೆನೆಯಬಹುದು. ತಿದಿಯನ್ನು ಅಗಲಿಸಿದಾಗ ಒಳಗಿನ ಒತ್ತಡ ಕುಗ್ಗಿ ಗಾಳಿ ನುಗ್ಗುತ್ತದೆ. ಗಾಳಿಯು ನುಗ್ಗಿದ್ದರಿಂದ ತಿದಿ ಅಗಲವಾಗುವುದಲ್ಲ. ಎದೆಯಲ್ಲಿಯೂ ಕ್ರಮ ಇದೇ. ಉಚ್ಛ್ವಾಸದಲ್ಲಿ ವಪೆಯು ಸಂಕುಚಿಸಿ ಕೆಳಗಿಳಿಯುತ್ತದೆ. ಪಕ್ಕೆಲುಬುಗಳ ನಡುವಣ ಹೊರಸ್ನಾಯುಗಳು ಪಕ್ಕೆಲುಬುಗಳನ್ನು ಬಕೆಟ್ಟಿನ ಹಿಡಿಯನ್ನು ಎತ್ತಿದಂತೆ ಮೇಲಕ್ಕೂ ಹೊರಕ್ಕೂ ಎತ್ತುತ್ತವೆ. ಎದೆಯ ಗಾತ್ರ ಹೆಚ್ಚಿ, ವಾಯುಕೋಶಗಳೊಳಗಿನ ಒತ್ತಡವು ಹೊರಗಿನದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ನೀರಿನಷ್ಟು ಮಾತ್ರ ಕಡಿಮೆಯಾಗುತ್ತದೆ. ಇಷ್ಟು ಅಲ್ಪ ವ್ಯತ್ಯಾಸವೇ ಅರ್ಧ ಲೀಟರ್ ಗಾಳಿಯನ್ನು ಒಳಗೆಳೆಯಲು ಸಾಕು. ವಿಶ್ರಾಂತಿಯಲ್ಲಿ ನಿಶ್ವಾಸಕ್ಕೆ ಶ್ರಮ ಬೇಕಿಲ್ಲ. ಸ್ನಾಯುಗಳು ಸಡಿಲಗೊಂಡೊಡನೆ ಸ್ಥಿತಿಸ್ಥಾಪಕ ಗುಣವುಳ್ಳ ಶ್ವಾಸಕೋಶವು ತಾನಾಗಿ ಕುಗ್ಗುತ್ತದೆ. ಮಾತು, ಹಾಡು ಎಲ್ಲವೂ ಹುಟ್ಟುವುದು ಈ ಹೊರಹೋಗುವ ಗಾಳಿಯಿಂದ. ಸುಮ್ಮನಿರು ಎಂಬುದಕ್ಕೆ ಕನ್ನಡದಲ್ಲಿ ಉಸಿರೆತ್ತಬೇಡ ಎನ್ನುವ ರೂಢಿಯು ಶರೀರಶಾಸ್ತ್ರಕ್ಕೂ ಒಪ್ಪುವ ಮಾತು.

ಒಳಕ್ಕೆ ಕುಗ್ಗಬಯಸುವ ಶ್ವಾಸಕೋಶ, ಹೊರಕ್ಕೆ ಹಿಗ್ಗಬಯಸುವ ಎದೆಗೂಡು ಇವೆರಡರ ಸೆಳೆತದಿಂದ ಪ್ಲೂರಾದ ಪದರಗಳ ನಡುವೆ ಸದಾ ಹೊರಗಿನದಕ್ಕಿಂತ ಕಡಿಮೆ ಒತ್ತಡವಿರುತ್ತದೆ. ಅಪಘಾತದಲ್ಲಿ ಎದೆಯ ಗೋಡೆಗೆ ರಂಧ್ರವಾದರೆ ಗಾಳಿಯು ಆ ಎಡೆಗೆ ನುಗ್ಗಿ ಆ ಬದಿಯ ಶ್ವಾಸಕೋಶವು ಕುಸಿಯುತ್ತದೆ. ಎಡ ಬಲ ಕುಹರಗಳು ಪ್ರತ್ಯೇಕವಾಗಿರುವುದರಿಂದ ಇನ್ನೊಂದು ಶ್ವಾಸಕೋಶವು ಕೆಲಸ ಮಾಡುತ್ತಾ ಜೀವವನ್ನು ಕಾಯಬಲ್ಲದು.

ವಾಯುಕೋಶಗಳ ಒಳಮೈ ತೇವವಾಗಿರುವುದರಿಂದ ಮೇಲ್ಮೈ ಸೆಳೆತವು ಅವುಗಳನ್ನು ಮುಚ್ಚಿಬಿಡಲು ಯತ್ನಿಸುತ್ತದೆ. ಇದನ್ನು ತಗ್ಗಿಸುವ ಸರ್ಫ್ಯಾಕ್ಟಂಟ್ ಎಂಬ ವಸ್ತುವನ್ನು ವಾಯುಕೋಶಗಳ ವಿಶಿಷ್ಟ ಜೀವಕೋಶಗಳೇ ಸ್ರವಿಸುತ್ತವೆ. ತಿಂಗಳು ತುಂಬುವ ಮುನ್ನ ಹುಟ್ಟಿದ ಶಿಶುವಿನಲ್ಲಿ ಇದು ಸಾಲದೆ ಪ್ರತಿ ಉಸಿರೂ ಹೋರಾಟವಾಗುತ್ತದೆ.

ಅನಿಲ ವಿನಿಮಯ ಮತ್ತು ಬೆಂಗಳೂರಿನ ಎತ್ತರ

ವಾಯುಕೋಶದ ಗಾಳಿಗೂ ಲೋಮನಾಳದ ರಕ್ತಕ್ಕೂ ನಡುವಣ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಆಮ್ಲಜನಕವು ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ವಿಸರಣದಿಂದ ದಾಟಿ ಹೀಮೋಗ್ಲೋಬಿನ್ನನ್ನು ಸೇರುತ್ತದೆ. ಇಂಗಾಲದ ಡೈಆಕ್ಸೈಡ್ ವಿರುದ್ಧ ದಿಕ್ಕಿನಲ್ಲಿ ಹೊರಬರುತ್ತದೆ.

ಸಮುದ್ರಮಟ್ಟದಲ್ಲಿ ವಾಯುಭಾರವು ಪಾದರಸದ 760 ಮಿಲಿಮೀಟರ್. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು 685. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಶೇಕಡಾ 21 ಆದರೂ ಅದರ ಒತ್ತಡ ಬೇರೆ. ಲೆಕ್ಕ ಹಾಕಿದರೆ ವಾಯುಕೋಶದಲ್ಲಿ ಆಮ್ಲಜನಕದ ಒತ್ತಡವು ಮಂಗಳೂರಿನಲ್ಲಿ ಸುಮಾರು 100 ಮಿಲಿಮೀಟರ್ ಆದರೆ ಸಾರಕ್ಕಿಯಲ್ಲಿ ಸುಮಾರು 85. ಆದರೂ ಆರೋಗ್ಯವಂತರಿಗೆ ತೊಂದರೆಯಿಲ್ಲ. ಈ ಮಟ್ಟದಲ್ಲಿ ಒತ್ತಡ ಕೊಂಚ ತಗ್ಗಿದರೂ ಹೀಮೋಗ್ಲೋಬಿನ್ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಹೆಚ್ಚೇನೂ ಇಳಿಯುವುದಿಲ್ಲ. ಒತ್ತಡವು 60ಕ್ಕಿಂತ ಕೆಳಗಿಳಿದರೆ ಮಾತ್ರ ಕುಸಿತ ತೀವ್ರ. 2020-21ರ ಕೋವಿಡ್ ಕಾಲದಲ್ಲಿ ಮನೆಗಳಿಗೆ ಬಂದ ಆಕ್ಸಿಮೀಟರಿನಲ್ಲಿ 95ರಿಂದ 90ಕ್ಕೆ ಇಳಿಯುವ ಐದು ಅಂಕಗಳು ವೈದ್ಯರನ್ನು ಎಚ್ಚರಿಸುತ್ತಿದ್ದುದು ಈ ಕಡಿದಾದ ಇಳಿಜಾರಿನ ಅಂಚು ಅದಾಗಿದ್ದರಿಂದ.

ಉಸಿರಿನ ಲಯವನ್ನು ನಿಯಂತ್ರಿಸುವುದು ಮೆದುಳಿನ ತಳಭಾಗದ ಕೇಂದ್ರ. ಉಸಿರು ಬಿಗಿಹಿಡಿದವನನ್ನು ಮತ್ತೆ ಉಸಿರಾಡುವಂತೆ ಮಾಡುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್.

ರೋಗ ಮತ್ತು ಪರಿಸರ

ಶ್ವಾಸಕೋಶದ ತುದಿಭಾಗಕ್ಕೆ ರಕ್ತಸಂಚಾರ ಕಡಿಮೆಯಿರುವುದರಿಂದ ಅಲ್ಲಿನ ವಾಯುಕೋಶಗಳಲ್ಲಿ ಆಮ್ಲಜನಕ ಹೆಚ್ಚು ಉಳಿಯುತ್ತದೆ. ಆಮ್ಲಜನಕಪ್ರಿಯವಾದ ಕ್ಷಯಾಣುವು ವಯಸ್ಕರಲ್ಲಿ ಸಾಮಾನ್ಯವಾಗಿ ಮೇಲಿನ ಹಾಲೆಗಳಲ್ಲಿ ನೆಲೆಸುವುದಕ್ಕೆ ಇದೊಂದು ಕಾರಣ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಆರಂಭದ ವರ್ಷಗಳಲ್ಲಿ ತುಮಕೂರು ಜಿಲ್ಲೆಯಲ್ಲಿ ನಡೆದು 1963ರಲ್ಲಿ ಪ್ರಕಟವಾದ ಅಧ್ಯಯನವು, ಕಫದಲ್ಲಿ ಕ್ಷಯಾಣುವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರೆಂದು ತೋರಿಸಿತು. ಹಳ್ಳಿಗರು ಕೆಮ್ಮನ್ನು ಅಲಕ್ಷಿಸುತ್ತಾರೆಂಬ ನಂಬಿಕೆ ಇದರಿಂದ ಸಡಿಲಗೊಂಡಿತು.

ಉಬ್ಬಸದಲ್ಲಿ ಕಿರುನಾಳಗಳು ಕಿರಿದಾಗುತ್ತವೆ. ನಿಶ್ವಾಸದಲ್ಲಿ ನಾಳಗಳು ಸಹಜವಾಗಿಯೇ ಕುಗ್ಗುವುದರಿಂದ ರೋಗಿಗೆ ಉಸಿರನ್ನು ಹೊರಬಿಡುವುದೇ ಹೆಚ್ಚು ಕಷ್ಟ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಕುರಿತು ನಡೆಸಿದ ದೀರ್ಘ ಅಧ್ಯಯನದಲ್ಲಿ ಉಬ್ಬಸದ ಪ್ರಮಾಣ 1979ರಲ್ಲಿ ಶೇಕಡಾ 9 ಇದ್ದುದು 1999ರಲ್ಲಿ ಶೇಕಡಾ 29.5ಕ್ಕೆ ಏರಿತ್ತು. ಇವು ಆಸ್ಪತ್ರೆಯ ಅಂಕಿಗಳೇ ಹೊರತು ಇಡೀ ನಗರದವಲ್ಲ. ಆದರೂ ಏರಿಕೆಯ ದಿಕ್ಕು ಸ್ಪಷ್ಟ.

ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಮೂಗು ಬಹುಮಟ್ಟಿಗೆ ತಡೆಯುತ್ತದೆ. ನಾಳಗಳಲ್ಲಿ ಕುಳಿತವನ್ನು ಲೋಳೆ ಮತ್ತು ಸೂಕ್ಷ್ಮ ರೋಮಗಳು ಮೇಲಕ್ಕೆ ಸಾಗಿಸುತ್ತವೆ. ಡೀಸೆಲ್ ಹೊಗೆಯಲ್ಲಿರುವಂತಹ 2.5 ಮೈಕ್ರಾನಿಗಿಂತ ಸಣ್ಣ ಕಣಗಳು ವಾಯುಕೋಶವನ್ನೇ ಮುಟ್ಟುತ್ತವೆ, ಅಲ್ಲಿ ರೋಮಗಳಿಲ್ಲ. ಇಂತಹ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ ವಾರ್ಷಿಕ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಂ. ಭಾರತವು 2009ರಲ್ಲಿ ನಿಗದಿಪಡಿಸಿದ ಮಿತಿ 40. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಸೇವಿಸುವವನು ಬಿರುಸಾಗಿ ನಡೆಯುವಾಗ ಇಪ್ಪತ್ತಕ್ಕೂ ಹೆಚ್ಚು ಲೀಟರ್ ಸೇವಿಸುತ್ತಾನೆ. ಆದುದರಿಂದ ಅದೇ ನಡಿಗೆಯನ್ನು ಕೆರೆಯ ದಂಡೆಯಲ್ಲಿ ಮಾಡುವುದಕ್ಕೂ ಸಿಗ್ನಲ್ಲಿನ ಬದಿಯಲ್ಲಿ ಮಾಡುವುದಕ್ಕೂ ಶ್ವಾಸಕೋಶದ ದೃಷ್ಟಿಯಿಂದ ಅಂತರವಿದೆ.

ಶ್ವಾಸಕೋಶದ ಸಾಮರ್ಥ್ಯವು ಇಪ್ಪತ್ತರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ತನ್ನ ಶಿಖರವನ್ನು ಮುಟ್ಟಿ ಅನಂತರ ನಿಧಾನವಾಗಿ ಇಳಿಯುತ್ತದೆ. ರೋಗದಿಂದ ನಾಶವಾದ ವಾಯುಕೋಶಗಳನ್ನು ಮರಳಿ ಕಟ್ಟುವ ಚಿಕಿತ್ಸೆ ಇನ್ನೂ ಲಭ್ಯವಿಲ್ಲ. ಬಾಲ್ಯದಲ್ಲಿ ಕೂಡಿಟ್ಟ ಸಾಮರ್ಥ್ಯವೇ ಮುಪ್ಪಿನ ಬಂಡವಾಳ. ಸಾರಕ್ಕಿಯಂತಹ ಬಡಾವಣೆಗಳಲ್ಲಿ ಕೆರೆಯನ್ನು ಉಳಿಸಿಕೊಳ್ಳುವುದು, ರಸ್ತೆಯ ಹೊಗೆಯನ್ನು ತಗ್ಗಿಸುವುದು ಆ ಬಂಡವಾಳವನ್ನು ಕಾಯುವ ಕಾರ್ಯಗಳೆಂದೇ ಭಾವಿಸಬೇಕಾಗುತ್ತದೆ.