ಪರದೇಶ ಪ್ರಯಾಣಕ್ಕೆ ಯಾವ ವಿಮಾನ?

ಪರದೇಶಕ್ಕೆ ಹೊರಡುವವರು, ತಮಗಿಂತ ಮೊದಲು ಹೋಗಿಬಂದವರನ್ನು ಕಂಡೊಡನೆ ಕೇಳುವ ಪ್ರಶ್ನೆ ಒಂದೇ: ‘ಯಾವ ಕಂಪೆನಿಯ ವಿಮಾನ ಒಳ್ಳೆಯದು?’ ಉತ್ತರಗಳಿಗೇನೂ ಬರವಿಲ್ಲ. ಒಬ್ಬರು ಊಟ ಚೆನ್ನಾಗಿತ್ತೆನ್ನುತ್ತಾರೆ. ಇನ್ನೊಬ್ಬರು ಕಾಲು ಚಾಚಲು ಜಾಗವಿರಲಿಲ್ಲವೆನ್ನುತ್ತಾರೆ. ಮೂರನೆಯವರು ತಮ್ಮ ಪೆಟ್ಟಿಗೆ ಮೂರು ದಿನ ತಡವಾಗಿ ಬಂದ ಕಥೆಯನ್ನು ಸವಿಸ್ತಾರವಾಗಿ ಹೇಳುತ್ತಾರೆ. ಇವೆಲ್ಲವೂ ನಿಜವೇ ಇರಬಹುದು. ಆದರೆ ಮೊದಲ ಬಾರಿಗೆ ಹೊರಡುವವರಿಗೆ ಇವುಗಳಿಂದ ಆಗುವ ಪ್ರಯೋಜನ ಕಡಿಮೆ. ಹೋಗುವವರು ಯಾರು, ಎಲ್ಲಿಂದ ಎಲ್ಲಿಗೆ, ನಡುವೆ ಎಷ್ಟು ಕಡೆ ಇಳಿಯಬೇಕು, ಇಳಿದ ಕಡೆ ಏನೇನು ನಡೆಯುತ್ತದೆ ಎಂಬುದನ್ನು ತಿಳಿಯದೆ ಕಂಪೆನಿಯ ಹೆಸರನ್ನು ಮಾತ್ರ ಕೇಳುವುದು, ವರ ನಿಶ್ಚಯವಾಗುವ ಮೊದಲೇ ಛತ್ರ ಗೊತ್ತುಮಾಡಿದ ಹಾಗೆ.

ಈ ವಿಷಯದಲ್ಲಿ ನಾನು ತಲೆ ಹಾಕಬೇಕಾಗಿ ಬಂದುದು 2024ರಲ್ಲಿ. ನನ್ನ ಅಕ್ಕ ಮ್ಯಾಂಚೆಸ್ಟರಿನಲ್ಲಿದ್ದಾಳೆ, ಚೊಚ್ಚಲ ಹೆರಿಗೆ. ಬಾಣಂತನಕ್ಕೆ ನಮ್ಮ ತಾಯಿಯವರು ಹೋಗಲೇಬೇಕು. ಅವರ ವಯಸ್ಸು ಐವತ್ತೆಂಟು. ಹಾಸನದಿಂದ ಆಚೆಗೆ ಅವರು ಕಂಡದ್ದು ಬೆಂಗಳೂರು, ಧರ್ಮಸ್ಥಳ, ಒಮ್ಮೆ ತಿರುಪತಿ. ಕನ್ನಡವಲ್ಲದೆ ಬೇರೆ ಮಾತು ಬಾರದು. ಜೊತೆಗೆ ಹೋಗಲು ತಂದೆಯವರಿಗೆ ರಜೆಯಿಲ್ಲ, ನನಗೆ ಹಣವಿಲ್ಲ. ಒಬ್ಬರೇ ಹೋಗಬೇಕು, ಹೆರಿಗೆಗೆ ಮುಂಚೆ ತಲುಪಬೇಕು. ಟಿಕೆಟ್ಟು ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು. ಆಗ ಹದಿನೈದು ದಿನ ಓದಿ, ಕೇಳಿ, ಲೆಕ್ಕಹಾಕಿ ತಿಳಿದುಕೊಂಡದ್ದನ್ನೂ ಆಮೇಲೆ ಕೂಡಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಈಗ ಅಣ್ಣನೋ ಅಕ್ಕನೋ ಹೊರದೇಶದಲ್ಲಿರುವ ಸಹಪಾಠಿಗಳು ಕಡಿಮೆಯೇನಿಲ್ಲ.

ಮೊದಲು ದಾರಿಯ ವಿಚಾರ. ಬೆಂಗಳೂರಿನಿಂದ ಮ್ಯಾಂಚೆಸ್ಟರಿಗೆ ನೇರ ವಿಮಾನವಿರಲಿಲ್ಲ. ಲಂಡನ್ನಿಗೆ ನೇರವಾಗಿ ಹೋಗಿ ಅಲ್ಲಿಂದ ಇನ್ನೊಂದು ವಿಮಾನ ಹಿಡಿಯಬಹುದು. ಇಲ್ಲವೇ ದುಬೈಯಂಥ ಕೊಲ್ಲಿಯ ಊರಿನಲ್ಲಿ ವಿಮಾನ ಬದಲಾಯಿಸಿ ನೆಟ್ಟಗೆ ಮ್ಯಾಂಚೆಸ್ಟರಿಗೇ ಇಳಿಯಬಹುದು. ಭೂಪಟ ನೋಡಿದರೆ ಒಂದು ಆಶ್ಚರ್ಯ ಹುಟ್ಟುತ್ತದೆ. ಭಾರತದವರು ಇಂಗ್ಲೆಂಡಿಗೆ ಹೋಗುವುದಕ್ಕೂ ಅರಬರ ದೇಶದ ಕಂಪೆನಿಗೂ ಏನು ಸಂಬಂಧ? ಇದಕ್ಕೆ ಉತ್ತರ ಅರಸೀಕೆರೆ ಜಂಕ್ಷನ್ನಿನಲ್ಲಿದೆ. ಹಾಸನದಿಂದ ಹುಬ್ಬಳ್ಳಿಗೆ ಹೋಗುವವರಿಂದಲೇ ದಿನವೂ ಒಂದು ರೈಲು ತುಂಬುವುದು ಕಷ್ಟ. ಆದರೆ ನಾಲ್ಕು ದಿಕ್ಕಿನವರೂ ಅರಸೀಕೆರೆಯಲ್ಲಿ ಕೂಡಿದರೆ ಎಲ್ಲ ರೈಲುಗಳೂ ತುಂಬುತ್ತವೆ. ದುಬೈ, ದೋಹಾ, ಸಿಂಗಪುರಗಳು ಆಕಾಶದ ಅರಸೀಕೆರೆಗಳು. ಬೆಂಗಳೂರು, ಕೊಚ್ಚಿ, ಢಾಕಾಗಳಿಂದ ಬಂದವರನ್ನು ಒಂದೆಡೆ ಇಳಿಸಿ, ಮ್ಯಾಂಚೆಸ್ಟರು, ಮಿಲಾನು, ನ್ಯೂಯಾರ್ಕುಗಳಿಗೆ ಹಂಚಿ ಕಳುಹಿಸುವುದೇ ಅವರ ವ್ಯಾಪಾರ. ಎಮಿರೇಟ್ಸ್ ಕಂಪೆನಿ 1985ರ ಅಕ್ಟೋಬರ್ 25ರಂದು ಹುಟ್ಟಿದಾಗ ಅದರ ಬಳಿಯಿದ್ದುದು ಪಾಕಿಸ್ತಾನದ ಕಂಪೆನಿಯಿಂದ ಬಾಡಿಗೆಗೆ ಪಡೆದ ಎರಡು ವಿಮಾನ; ಅದರ ಮೊದಲ ಊರುಗಳು ಕರಾಚಿ ಮತ್ತು ಮುಂಬಯಿ.

ಹೀಗೆ ಮಾಡಲು ಯಾರಿಗೆ ಬೇಕಾದರೂ ಹಕ್ಕಿದೆಯೆಂದು ತಿಳಿಯಬಾರದು. 1944ರಲ್ಲಿ ಚಿಕಾಗೋದಲ್ಲಿ ಸೇರಿದ ರಾಷ್ಟ್ರಗಳು ಪ್ರತಿ ದೇಶಕ್ಕೂ ತನ್ನ ಮೇಲಿನ ಆಕಾಶದ ಒಡೆತನ ಉಂಟೆಂದು ಒಪ್ಪಿದವು. ಒಂದು ದೇಶದ ಕಂಪೆನಿ ಇನ್ನೊಂದು ದೇಶದಿಂದ ಜನರನ್ನು ಒಯ್ಯಬೇಕಾದರೆ ಎರಡು ಸರಕಾರಗಳ ನಡುವೆ ಒಪ್ಪಂದವಿರಬೇಕು. ವಾರಕ್ಕೆ ಎಷ್ಟು ಆಸನವೆಂಬುದನ್ನೂ ನಮ್ಮ ಸರಕಾರ ಹಲವು ಒಪ್ಪಂದಗಳಲ್ಲಿ ಗೊತ್ತುಮಾಡಿದೆ. ಈ ಹಕ್ಕುಗಳಿಗೆ ‘ಆಕಾಶದ ಸ್ವಾತಂತ್ರ್ಯ’ಗಳೆಂದು ಹೆಸರು. ಎರಡು ಪರದೇಶಗಳ ನಡುವೆ ತನ್ನ ಊರಿನ ಮೂಲಕ ಜನರನ್ನು ಸಾಗಿಸುವುದು ಆರನೆಯ ಸ್ವಾತಂತ್ರ್ಯ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ವಿಷಯ. ಒಂದು ದೇಶ ಮುನಿದು ಆಕಾಶವನ್ನು ಮುಚ್ಚಿದರೆ ಟಿಕೆಟ್ಟು ಕೊಂಡವನಿಗೂ ಅದರ ಬಿಸಿ ತಟ್ಟುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ಕಂಪೆನಿಗಳ ವಿಮಾನಗಳು ಸುತ್ತುದಾರಿ ಹಿಡಿಯಬೇಕಾಯಿತು. ಇತರ ದೇಶಗಳ ಕಂಪೆನಿಗಳಿಗೆ ಆ ನಿಷೇಧವಿರಲಿಲ್ಲ.

ನಮ್ಮ ಎರಡು ದಾರಿಗಳಲ್ಲಿ ಲಂಡನ್ ದಾರಿ ಮೇಲ್ನೋಟಕ್ಕೆ ಸುಲಭವೆನಿಸಿತು. ಆದರೆ ಲಂಡನ್ನಿನ ಹೀಥ್ರೋದಲ್ಲಿ ಇಳಿದು ಒಳನಾಡಿನ ಊರಿಗೆ ಹೋಗುವವರು ಪಾಸ್‌ಪೋರ್ಟು ತಪಾಸಣೆಯನ್ನು ಅಲ್ಲೇ ಮುಗಿಸಬೇಕು. ‘ಏತಕ್ಕೆ ಬಂದಿರಿ? ಎಷ್ಟು ದಿನ ಇರುತ್ತೀರಿ?’ ಎಂದು ಅಧಿಕಾರಿ ಕೇಳುವಾಗ ಮುಂದಿನ ವಿಮಾನದ ಹೊತ್ತು ಓಡುತ್ತಿರುತ್ತದೆ. ಭಾಷೆ ಬಾರದವರಿಗೆ ಇದು ಕಷ್ಟ. ದುಬೈಯಲ್ಲಿ ಹಾಗಲ್ಲ. ಅಲ್ಲಿ ದೇಶದೊಳಕ್ಕೆ ಕಾಲಿಡುವುದಿಲ್ಲ. ಕೈಚೀಲವನ್ನು ಒಮ್ಮೆ ತೋರಿಸಿ, ಅದೇ ನಿಲ್ದಾಣದಲ್ಲಿ ಮತ್ತೊಂದು ಬಾಗಿಲಿಗೆ ನಡೆದರಾಯಿತು. ಅಧಿಕಾರಿಯ ಪ್ರಶ್ನೆಗಳು ಬರುವುದು ಕೊನೆಗೆ, ಮ್ಯಾಂಚೆಸ್ಟರಿನಲ್ಲಿ. ಅಲ್ಲಿ ಹೊರಗೆ ಭಾವ ಕಾದಿರುತ್ತಾರೆ, ಹಿಡಿಯಬೇಕಾದ ಮತ್ತೊಂದು ವಿಮಾನವೂ ಇಲ್ಲ. ಕಂಪೆನಿಯ ಹೆಸರಿಗಿಂತ ಇದು ನಮಗೆ ಮುಖ್ಯವಾಗಿ ಕಂಡಿತು.

ದಾರಿಯಲ್ಲಿ ಇಳಿಯುವ ಕೆಲವು ದೇಶಗಳು ನಿಲ್ದಾಣದೊಳಗೇ ಇದ್ದರೂ ವೀಸಾ ಕೇಳುತ್ತವೆ. ಲಂಡನ್ ಮೂಲಕ ಬೇರೆ ದೇಶಕ್ಕೆ ಹೋಗುವ ಭಾರತೀಯರಿಗೆ, ಅಮೆರಿಕಾದಂಥ ಕೆಲವು ದೇಶಗಳ ವೀಸಾ ಇದ್ದವರನ್ನು ಬಿಟ್ಟು, ಇದಕ್ಕೆಂದೇ ಒಂದು ವೀಸಾ ಬೇಕು. ಅಗ್ಗದ ಟಿಕೆಟ್ಟು ಕೊಳ್ಳುವ ಮೊದಲು ಇದನ್ನು ವಿಚಾರಿಸಿಕೊಳ್ಳುವುದು ಲೇಸು.

ಇನ್ನು ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವೆಂದು ನಾನು ಎಣಿಸುವ ಸಂಗತಿ. ಎರಡು ವಿಮಾನಗಳಿಗೂ ಸೇರಿ ಒಂದೇ ಟಿಕೆಟ್ಟಿರಬೇಕು. ಬೆಂಗಳೂರಿನಿಂದ ದುಬೈಗೆ ಒಂದು ಕಂಪೆನಿ, ದುಬೈಯಿಂದ ಮುಂದಕ್ಕೆ ಇನ್ನೊಂದು ಎಂದು ಬಿಡಿಬಿಡಿಯಾಗಿ ಕೊಂಡರೆ ಕೆಲವು ಸಾವಿರ ರೂಪಾಯಿ ಉಳಿಯಬಹುದು. ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪೆನಿಗೆ ನೀವು ಹೊತ್ತಿಗೆ ಬಾರದ ಪ್ರಯಾಣಿಕರು, ಅಷ್ಟೆ, ಹಣ ಹೋದಂತೆಯೇ. ಪೆಟ್ಟಿಗೆಯನ್ನೂ ನಡುವೆ ತೆಗೆದುಕೊಂಡು ಮತ್ತೆ ಒಪ್ಪಿಸಬೇಕಾಗಬಹುದು. ಅದಕ್ಕೆ ಆ ದೇಶದೊಳಕ್ಕೆ ಹೋಗಬೇಕು, ಹೋಗಲು ವೀಸಾ ಬೇಕು. ಒಂದೇ ಟಿಕೆಟ್ಟಾದರೆ ಕೊನೆಯ ಊರು ಮುಟ್ಟಿಸುವ ಹೊಣೆ ಕಂಪೆನಿಯದು. 2024ರ ಏಪ್ರಿಲ್ 16ರಂದು ದುಬೈಯಲ್ಲಿ ಹಿಂದೆಂದೂ ಕಾಣದ ಮಳೆ ಸುರಿದು ವಿಮಾನ ನಿಲ್ದಾಣವೇ ನೀರಿನಲ್ಲಿ ನಿಂತಿತು. ಹಲವು ದಿನ ವಿಮಾನಗಳು ಅಸ್ತವ್ಯಸ್ತವಾದವು. ತಂದೆಯವರು ಇದನ್ನೇ ಹಿಡಿದು ‘ಆ ದಾರಿ ಬೇಡ’ ಎಂದರು. ಮಳೆ ಎಲ್ಲಿ ಬೇಕಾದರೂ ಬರಬಹುದು, ಬಂದಾಗ ಯಾರು ಹೊಣೆಯೆಂಬುದೇ ನೋಡಬೇಕಾದ ಮಾತು ಎಂದು ಅವರಿಗೆ ಒಪ್ಪಿಸಲು ಎರಡು ದಿನ ಹಿಡಿಯಿತು.

ಬೆಂಗಳೂರಿನಲ್ಲಿ ಪೆಟ್ಟಿಗೆಗೆ ಕಟ್ಟುವ ಪಟ್ಟಿಯ ಮೇಲೆ ಕೊನೆಯ ಊರಿನ ಗುರುತು ಇದೆಯೇ ಎಂದು ನೋಡಿಕೊಳ್ಳಬೇಕು. ನಡುವೆ ಎಷ್ಟು ಹೊತ್ತು ಬೇಕೆಂದರೆ, ಹೊಸಬರಿಗೆ ಮೂರು ಗಂಟೆ ಹಿತ. ಒಂದೂವರೆ ಗಂಟೆಯಲ್ಲಿ ಬದಲಾಯಿಸಬಹುದೆಂದು ಕಂಪೆನಿ ಹೇಳುವುದು ಓಡಬಲ್ಲವರನ್ನು ಕುರಿತು. ಒಂದು ಕಂಪೆನಿಯ ಹೆಸರಿನಲ್ಲಿ ಮಾರಿದ ಟಿಕೆಟ್ಟಿಗೆ ಇನ್ನೊಂದು ಕಂಪೆನಿಯ ವಿಮಾನ ಬರುವುದೂ ಉಂಟು. ‘ನಡೆಸುವವರು ಯಾರು’ ಎಂಬ ಸಣ್ಣ ಅಕ್ಷರದ ಸಾಲನ್ನು ಓದಬೇಕು.

ಹೆಸರಿನ ತೊಡಕು ನಮ್ಮ ಕಡೆಯವರಿಗೆ ವಿಶೇಷ. ನಮ್ಮ ತಾಯಿಯವರ ಪಾಸ್‌ಪೋರ್ಟಿನಲ್ಲಿ ಇರುವುದು ಒಂದೇ ಹೆಸರು. ಮನೆತನದ ಹೆಸರಿನ ಜಾಗ ಖಾಲಿ. ಹಳೆಯ ಮೈಸೂರಿನಲ್ಲಿ ಇದು ಸಾಮಾನ್ಯ. ಆದರೆ ಟಿಕೆಟ್ಟಿನ ನಮೂನೆ ಎರಡು ಹೆಸರು ಬೇಡುತ್ತದೆ. ಕೆಲವು ಕಂಪೆನಿಗಳು ಇರುವ ಹೆಸರನ್ನೇ ಎರಡು ಸಲ ಬರೆಯಲು ಹೇಳುತ್ತವೆ, ಕೆಲವರ ಕ್ರಮ ಬೇರೆ. 2022ರ ನವೆಂಬರ್‌ನಲ್ಲಿ ಅರಬ್ ಸಂಯುಕ್ತ ಸಂಸ್ಥಾನದವರು ಒಂದೇ ಹೆಸರಿನವರನ್ನು ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲವೆಂದರು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿದ್ದರೆ ಆಗಬಹುದೆಂದು ಆಮೇಲೆ ಸಡಿಲಿಸಿದರು. ದುಬೈಯಲ್ಲಿ ವಿಮಾನ ಬದಲಾಯಿಸಿ ಮುಂದೆ ಹೋಗುವವರಿಗೆ ಅದು ಅಡ್ಡಿಯಲ್ಲ. ಆದರೂ ಹಣ ಕಟ್ಟುವ ಮೊದಲು ಕಂಪೆನಿಯ ಕಚೇರಿಗೇ ದೂರವಾಣಿ ಮಾಡಿ ಕೇಳಿಕೊಂಡೆ.

ಸಾಮಾನಿನ ವಿಚಾರದಲ್ಲಿ ಕಂಪೆನಿಗಳ ರೀತಿ ಎರಡು. ಕೆಲವರು ಒಟ್ಟು ತೂಕ ನೋಡುತ್ತಾರೆ. ಕೆಲವರು 23 ಕಿಲೋಗ್ರಾಮಿನ ಪೆಟ್ಟಿಗೆ ಇಷ್ಟು ಎಂದು ಎಣಿಸುತ್ತಾರೆ. ಹೇಗಾದರೂ ಒಂದು ಪೆಟ್ಟಿಗೆ 32 ಕಿಲೋಗ್ರಾಮು ಮೀರಬಾರದು. ಕಡಿಮೆ ದರದ ಟಿಕೆಟ್ಟಿನಲ್ಲಿ ಸಾಮಾನಿನ ಮಿತಿಯೂ ಕಡಿಮೆಯಿರುತ್ತದೆ. ಹೆಚ್ಚಿನ ತೂಕಕ್ಕೆ ನಿಲ್ದಾಣದಲ್ಲಿ ತೆರುವ ಹಣದಲ್ಲಿ ಉಳಿತಾಯವೆಲ್ಲ ಕರಗಿಹೋದೀತು. ತಾಯಿಯವರು ಬಾಣಂತಿಗೆಂದು ಕಟ್ಟಿಟ್ಟಿದ್ದವುಗಳಲ್ಲಿ ಎರಡು ಹೊರಗೆ ಬಂದವು. ಒಣಕೊಬ್ಬರಿ ಎಣ್ಣೆಯಿಂದ ಬೆಂಕಿ ಹಿಡಿಯಬಲ್ಲ ವಸ್ತುವೆಂದು ವಿಮಾನದ ಸಾಮಾನಿನಲ್ಲಿ ನಿಷಿದ್ಧ. ತಿಪಟೂರಿನ ನೆರೆಯವರಾದ ನಮಗೆ ಇದು ನಂಬಲಾಗದ ಮಾತು. ತುಪ್ಪವನ್ನು ತಡೆಯುವುದು ವಿಮಾನ ಕಂಪೆನಿಯಲ್ಲ, ಬ್ರಿಟನ್ನಿನ ಕಾನೂನು; ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಅಲ್ಲಿಗೆ ಒಯ್ಯುವಂತಿಲ್ಲ. ‘ತುಪ್ಪ ಇಲ್ಲದೆ ಎಂಥ ಬಾಣಂತನವೋ’ ಎಂದರು ತಾಯಿಯವರು. ಮ್ಯಾಂಚೆಸ್ಟರಿನ ಅಂಗಡಿಯಲ್ಲೇ ತುಪ್ಪ ಸಿಗುತ್ತದೆಂದು ಅಕ್ಕ ಹೇಳಿದ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ.

ಊಟವನ್ನು ಮೊದಲೇ ಬರೆಸಬೇಕು, ಕಡೆಯಪಕ್ಷ ಒಂದು ದಿನ ಮುಂಚೆ. ‘ಹಿಂದೂ ಊಟ’ ಎಂಬ ಹೆಸರಿನದು ಸಸ್ಯಾಹಾರವೆಂದು ತಿಳಿದು ಕೇಳುವವರುಂಟು. ಅದರಲ್ಲಿ ಗೋಮಾಂಸವಿಲ್ಲವೆಂದಷ್ಟೇ ಅರ್ಥ. ಕೋಳಿಯೋ ಕುರಿಯೋ ಇರಬಹುದು. ಸಸ್ಯಾಹಾರಿಗಳು ಕೇಳಬೇಕಾದುದು ‘ಏಷ್ಯನ್ ವೆಜಿಟೇರಿಯನ್’ ಎಂಬುದನ್ನು.

ಸುರಕ್ಷಿತತೆಯ ಮಾತು. 2025ರ ಜೂನ್ 12ರಂದು ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ ವಿಮಾನ ಬಿದ್ದು, ಒಳಗಿದ್ದ 242 ಮಂದಿಯಲ್ಲಿ ಒಬ್ಬರು ಮಾತ್ರ ಬದುಕಿದರು. ಆಮೇಲೆ ನನ್ನನ್ನು ಹಲವರು ಕೇಳಿದ್ದಾರೆ. ಒಂದು ದುರಂತದಿಂದ ಒಂದು ಕಂಪೆನಿಯನ್ನು ಅಳೆಯಲು ನನಗೆ ಯೋಗ್ಯತೆಯಿಲ್ಲ. ಸಾಮಾನ್ಯರು ನೋಡಬಹುದಾದುದು ಎರಡು ಪಟ್ಟಿ: ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟವಾದ ‘ಅಯಾಟಾ’ 2003ರಿಂದ ನಡೆಸುತ್ತಿರುವ ಸುರಕ್ಷತಾ ತಪಾಸಣೆಯಲ್ಲಿ ತೇರ್ಗಡೆಯಾದವರದು; ಮತ್ತು ಐರೋಪ್ಯ ಒಕ್ಕೂಟ ತನ್ನ ಆಕಾಶಕ್ಕೆ ಬರಗೊಡದವರದು. ಈ ಎರಡನೆಯದು 2006ರಿಂದ ಇದೆ. ಎರಡನ್ನೂ ಯಾರು ಬೇಕಾದರೂ ನೋಡಬಹುದು.

ಕಂಪೆನಿ ಬಾಗಿಲು ಹಾಕುವ ಅಪಾಯವೂ ಉಂಟು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ. ಪೆಟ್ಟಿಗೆ ಕಳೆದುಹೋದರೆ ಮಾತ್ರ ಕಾನೂನಿನ ಆಸರೆಯಿದೆ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು; ಅದರಂತೆ ಒಬ್ಬರ ಸಾಮಾನಿಗೆ ಪರಿಹಾರದ ಮಿತಿ, 2024ರ ಡಿಸೆಂಬರ್ ಕೊನೆಯಿಂದ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯದಲ್ಲಿ 1,519. ಕಳೆದುದನ್ನು ಅಲ್ಲಿಯೇ, ನಿಲ್ದಾಣ ಬಿಡುವ ಮೊದಲು, ಬರೆದುಕೊಡಬೇಕು.

ಭಾಷೆ ಬಾರದವರಿಗೆ ಗಾಲಿಕುರ್ಚಿ ಬರೆಸಿಬಿಡಿ, ಯಾರಾದರೂ ತಳ್ಳಿಕೊಂಡು ಹೋಗಿ ಬಾಗಿಲಲ್ಲಿ ಬಿಡುತ್ತಾರೆ ಎಂದು ಬಹಳ ಮಂದಿ ಸಲಹೆ ಕೊಟ್ಟರು. ತಾಯಿಯವರು ಒಪ್ಪಲಿಲ್ಲ. ‘ಕಾಲು ಗಟ್ಟಿಯಾಗಿದ್ದೂ ಕೂತ್ಕೊಂಡು ಹೋದರೆ, ನಡೆಯೋಕ್ಕೆ ಆಗದವರಿಗೆ ಕುರ್ಚಿ ಎಲ್ಲಿಂದ ಬರುತ್ತಪ್ಪ?’ ಎಂದರು. ನನಗೂ ಅದೇ ಸರಿಯೆನಿಸಿತು. ಹಣ ಕೊಟ್ಟರೆ ಜೊತೆಗಿದ್ದು ದಾರಿ ತೋರಿಸುವ ಸೇವೆ ಬೇರೆಯೇ ಇದೆ. ನಾವು ಅದನ್ನೂ ಕೊಳ್ಳದೆ, ವಿಮಾನದ ಸಂಖ್ಯೆಯನ್ನು ಇಂಗ್ಲಿಷಿನಲ್ಲೂ ಕೆಳಗೆ ಕನ್ನಡದಲ್ಲೂ ಬರೆದ ಚೀಟಿ ಕೊಟ್ಟೆವು. ಫಲಕದಲ್ಲಿ ಊರಿನ ಹೆಸರಿಗಿಂತ ಸಂಖ್ಯೆಯನ್ನೇ ಹುಡುಕಬೇಕು; ಒಂದೇ ಊರಿಗೆ ದಿನಕ್ಕೆ ಹಲವು ವಿಮಾನಗಳಿರುತ್ತವೆ.

ಕೊನೆಗೆ ಗೊತ್ತುಮಾಡಿದುದು ದುಬೈ ಮೂಲಕ, ಒಂದೇ ಟಿಕೆಟ್ಟು, ಹಿಂತಿರುಗುವ ದಿನವನ್ನು ಬದಲಾಯಿಸಬಹುದಾದುದು. ಹೆರಿಗೆ ನಮ್ಮ ಲೆಕ್ಕದಂತೆ ಆಗುವುದಿಲ್ಲವಾದ್ದರಿಂದ ಈ ಕೊನೆಯ ಅನುಕೂಲಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟೆವು. ತಾಯಿಯವರು ಹೊರಟದ್ದು ಸೆಪ್ಟೆಂಬರಿನಲ್ಲಿ. ಮಗು ಡಾಕ್ಟರು ಹೇಳಿದ್ದಕ್ಕಿಂತ ಒಂಬತ್ತು ದಿನ ಮುಂಚೆ ಹುಟ್ಟಿತು; ಅಷ್ಟರಲ್ಲಿ ಅವರು ಅಲ್ಲಿಗೆ ಹೋಗಿ ಹದಿನೆಂಟು ದಿನವಾಗಿತ್ತು. ಹಿಂತಿರುಗುವ ದಿನವನ್ನು ಎರಡು ಸಲ ಮುಂದಕ್ಕೆ ಹಾಕಿಸಿದೆವು, ಎರಡು ಸಲವೂ ಅವರೇ ಕೇಳಿ.